ಪೆಟ್ರೋಲ್ ಮುಚ್ಚಳ ಮತ್ತು ಎಂಜಿನ್ ದೀಪ: ಅಪ್ಪಾಜಿಗೆ ಪುಣೆಯಿಂದ ಪತ್ರ

ಪುಣೆ

ತೀರ್ಥರೂಪ ಅಪ್ಪಾಜಿಯವರ ಪಾದಗಳಿಗೆ ಹಿರಿಯ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನೀವೂ ಅವ್ವನೂ ಆರೋಗ್ಯದಿಂದ ಇದ್ದೀರಿ ಎಂದು ತಮ್ಮನಿಂದ ತಿಳಿದು ಸಮಾಧಾನವಾಯಿತು.

ತಮ್ಮನು ಕಾರಿನ ಡ್ಯಾಶ್‌ಬೋರ್ಡಿನ ಫೋಟೊ ಕಳಿಸಿದ್ದಾನೆ. ಅದರಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಉರಿಯುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ತಂಗಿಯು ಅಮೆರಿಕದಿಂದ ಫೋನಿನಲ್ಲಿ ಹೇಳಿದಂತೆ ನೀವು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಬಿಚ್ಚಿ ಮತ್ತೆ ಬಿಗಿಯಾಗಿ ತಿರುಗಿಸುತ್ತಿದ್ದೀರೆಂದೂ, ಹಾಗೆ ಮಾಡಿದ ಕೆಲವು ದಿನಗಳಲ್ಲಿ ದೀಪ ಆರಿ, ಮುಂದಿನ ವಾರ ಕಲಘಟಗಿಯಿಂದ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಮತ್ತೆ ಹತ್ತಿಕೊಳ್ಳುತ್ತದೆಂದೂ ಅವನು ತಿಳಿಸಿದ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಗ್ಯಾರೇಜಿಗೆ ಹೋಗುವಾಗ ಕಿಸೆಯಲ್ಲಿ ಇಟ್ಟುಕೊಳ್ಳಲು ಅನುಕೂಲವಾಗಲಿ ಎಂದು ಕಾಗದದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ತಂಗಿಯ ಮಾತನ್ನು ತೆಗೆದುಕೊಳ್ಳೋಣ. ಮುಚ್ಚಳ ಸಡಿಲವಾದರೆ ಈ ದೀಪ ಹತ್ತುತ್ತದೆ ಎಂದು ಅವಳು ಹೇಳಿದ್ದು ಅವಳ ಕಾರಿಗೆ ಸಂಪೂರ್ಣ ಸರಿ. ಅಮೆರಿಕದಲ್ಲಿ 1996ರ ಮಾದರಿಯಿಂದ ಈಚೆಗೆ ಮಾರಾಟವಾದ ಎಲ್ಲ ಕಾರುಗಳಲ್ಲಿಯೂ ಓಬಿಡಿ 2 ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯವಾಗಿದೆ. ಅಲ್ಲಿಯ ನಿಯಮದ ಪ್ರಕಾರ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಟ್ಯಾಂಕ್ ಮತ್ತು ಅದರ ಆವಿಯ ಪೈಪುಗಳನ್ನು ಆಗಾಗ ತಾನೇ ಪರೀಕ್ಷಿಸಬೇಕು. ಪಂಚರ್ ಅಂಗಡಿಯವನು ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವಂತೆ, ಈ ಕಂಪ್ಯೂಟರು ಇಡೀ ಟ್ಯಾಂಕನ್ನು ಮುಚ್ಚಿ, ಒಳಗಿನ ಒತ್ತಡ ನಿಲ್ಲುತ್ತದೆಯೋ ಇಲ್ಲವೋ ಎಂದು ನೋಡುತ್ತದೆ. ಮೊದಲು 0.040 ಇಂಚಿನ, ಅಂದರೆ ಸುಮಾರು ಒಂದು ಮಿಲಿಮೀಟರಿನ ರಂಧ್ರವನ್ನು ಕಂಡುಹಿಡಿದರೆ ಸಾಕಿತ್ತು. 2000ದ ಸುಮಾರಿಗೆ ಬಂದ ಕಾರುಗಳಿಂದ ಅದು 0.020 ಇಂಚಿಗೆ, ಅಂದರೆ ಅರ್ಧ ಮಿಲಿಮೀಟರಿಗೆ ಇಳಿಯಿತು. ಇಷ್ಟು ಸೂಕ್ಷ್ಮವಾದ ಪರೀಕ್ಷೆಯಲ್ಲಿ ಮುಚ್ಚಳ ಒಂದು ಕ್ಲಿಕ್ ಕಡಿಮೆ ತಿರುಗಿದ್ದರೂ, ಚಳಿಯಲ್ಲಿ ಅದರ ರಬ್ಬರ್ ವಾಷರ್ ಗಡುಸಾಗಿದ್ದರೂ ಸೋರಿಕೆ ಪತ್ತೆಯಾಗುತ್ತದೆ. ಹಾಗಾಗಿಯೇ ಅವಳ ಕಾರಿನ ಪರದೆಯ ಮೇಲೆ ಇಂಧನದ ಮುಚ್ಚಳ ನೋಡಿ ಎಂಬ ಸೂಚನೆಯೇ ಅಕ್ಷರಗಳಲ್ಲಿ ಬರುತ್ತದೆ. ಆ ಪರೀಕ್ಷೆ ಎಲ್ಲ ಹೊತ್ತಿನಲ್ಲಿಯೂ ನಡೆಯುವುದಿಲ್ಲ. ಟ್ಯಾಂಕ್ ತೀರ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು, ಗಾಡಿ ಕೆಲವು ಗಂಟೆ ನಿಂತು ತಣ್ಣಗಾಗಿರಬೇಕು. ಆದ್ದರಿಂದ ಮುಚ್ಚಳವನ್ನು ಸರಿಯಾಗಿ ಹಾಕಿದ ಮೇಲೂ ಅವಳ ದೀಪ ಹಲವು ದಿನ ಉರಿದು ಆಮೇಲೆ ಆರುತ್ತದೆ.

ನಿಮ್ಮ ಕಾರಿನ ಕಥೆ ಬೇರೆ. ನಮ್ಮ ದೇಶದ ನಿಯಮಗಳು ಹೊಗೆಯ ವಿಷಯದಲ್ಲಿ ಬಹಳಮಟ್ಟಿಗೆ ಯುರೋಪಿನ ದಾರಿಯನ್ನು ಹಿಡಿದಿವೆ. ಓಬಿಡಿ 2 ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಬಂತು. ನಿಮ್ಮ ಕಾರು ಅದಕ್ಕಿಂತ ಈಚಿನದು, ಬಿಎಸ್ 4 ಎಂಬ ಹೊಗೆ ನಿಯಮದ ಕಾಲದ್ದು. ಈ ಮಾದರಿಯ ನಿಯಮದಲ್ಲಿ ಆವಿಯ ವ್ಯವಸ್ಥೆಯ ಬಗ್ಗೆ ಕಂಪ್ಯೂಟರ್ ನೋಡಲೇಬೇಕಾದದ್ದು ಒಂದು ವಾಲ್ವಿನ ವಿದ್ಯುತ್ ತಂತಿ ಕೂಡಿದೆಯೋ ಕಡಿದಿದೆಯೋ ಎಂಬುದನ್ನು ಮಾತ್ರ. ಟ್ಯಾಂಕಿನಲ್ಲಿ ಸೂಜಿಮೊನೆಯ ರಂಧ್ರ ಹುಡುಕಬೇಕೆಂಬ ಕಡ್ಡಾಯ ಅದರಲ್ಲಿ ಇಲ್ಲ. ಇಲ್ಲಿ ನಮ್ಮ ಪುಣೆಯ ವೇತಾಳ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ, ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯಿದೆ. ಇಂಥ ಪರೀಕ್ಷಾ ಸಂಸ್ಥೆಗಳಲ್ಲಿ ಹೊಸ ಮಾದರಿಯ ಕಾರನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಹೊರಬೀಳುವ ಪೆಟ್ರೋಲ್ ಆವಿಯನ್ನು ಅಳೆಯುತ್ತಾರೆ; ಬಿಎಸ್ 4 ಕಾರಿಗೆ ಅದು ಒಂದು ಪರೀಕ್ಷೆಗೆ 2 ಗ್ರಾಂ ಮೀರಬಾರದೆಂಬ ಮಿತಿಯಿತ್ತು. ಆದರೆ ಅದು ಕಾರು ಮಾರುಕಟ್ಟೆಗೆ ಬರುವ ಮುನ್ನ ನಡೆಯುವ ಪರೀಕ್ಷೆ. ರಸ್ತೆಗಿಳಿದ ಮೇಲೆ ನಿಮ್ಮ ಕಾರು ತನ್ನ ಮುಚ್ಚಳದ ಬಿಗುವನ್ನು ತಾನೇ ಅಳೆದು ದೀಪ ಹಚ್ಚುವ ಸಂಭವ ಬಹಳ ಕಡಿಮೆ.

ಹಾಗಾದರೆ ಮುಚ್ಚಳ ತಿರುಗಿಸಿದ ಮೇಲೆ ದೀಪ ಆರಿದ್ದೇಕೆ ಎಂದು ನೀವು ಕೇಳುವಿರಿ, ಕೇಳಬೇಕಾದ ಪ್ರಶ್ನೆಯೇ ಅದು. ಒಂದು ದೋಷ ಕಂಡು ದೀಪ ಹತ್ತಿದ ಮೇಲೆ, ಅದೇ ದೋಷ ಮತ್ತೆ ಕಾಣದೆ ಮೂರು ಸವಾರಿಗಳು ಸತತವಾಗಿ ಮುಗಿದರೆ ಕಂಪ್ಯೂಟರು ದೀಪವನ್ನು ತಾನಾಗಿಯೇ ಆರಿಸುತ್ತದೆ. ನಿಮ್ಮ ಕಾರಿನ ದೋಷ ಬಂದು ಹೋಗುವ ಬಗೆಯದು. ಅದು ತಾತ್ಕಾಲಿಕವಾಗಿ ಮರೆಯಾದ ದಿನಗಳಲ್ಲಿ ನೀವು ಮುಚ್ಚಳವನ್ನೂ ತಿರುಗಿಸಿದ್ದೀರಿ, ಆದ್ದರಿಂದ ಕೀರ್ತಿಯೆಲ್ಲ ಮುಚ್ಚಳಕ್ಕೆ ಹೋಯಿತು. ದೀಪ ಆರಿದರೂ ದೋಷದ ಸಂಖ್ಯೆ, ಅಂದರೆ ಕೋಡ್, ಕೂಡಲೇ ಅಳಿಸಿಹೋಗುವುದಿಲ್ಲ. ಎಂಜಿನ್ ತಣ್ಣಗಿದ್ದು ಪೂರ್ತಿ ಬಿಸಿಯಾಗುವ ಇಂಥ 40 ಸುತ್ತುಗಳು ನಿರ್ದೋಷವಾಗಿ ಕಳೆಯುವ ತನಕ ಅದು ನೆನಪಿನಲ್ಲಿ ಉಳಿದಿರುತ್ತದೆ. ಇದು ನಮ್ಮ ಪಾಲಿಗೆ ಒಳ್ಳೆಯದೇ ಆಯಿತು, ಏಕೆಂದರೆ ದೀಪ ಆರಿರುವ ದಿನ ಗ್ಯಾರೇಜಿಗೆ ಹೋದರೂ ಸ್ಕ್ಯಾನರ್ ಹಾಕಿದರೆ ಹಿಂದಿನ ಕೋಡ್ ಸಿಗುತ್ತದೆ.

ಇನ್ನು ನಮ್ಮ ಪುಣೆಯ ಕಾರಿನಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮಗೆ ಮುಂದೆ ಉಪಯೋಗಕ್ಕೆ ಬರುತ್ತದೆ. ಹೋದ ಮಳೆಗಾಲದಲ್ಲಿ ನಮ್ಮದಕ್ಕೂ ಇದೇ ದೀಪ ಮೇಲಿಂದ ಮೇಲೆ ಬರತೊಡಗಿತು. ಒಂದು ದೊಡ್ಡ ಸರ್ವಿಸ್ ಸೆಂಟರಿನವರು ಕೋಡನ್ನು ನಮಗೆ ತೋರಿಸದೆ ಅಳಿಸಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸಬೇಕೆಂದು ದೊಡ್ಡ ಮೊತ್ತದ ಚೀಟಿ ಕೊಟ್ಟರು. ನಾವು ಒಪ್ಪದೆ ಹೊರಬಂದೆವು. ಕನ್ನಡ ಸಂಘದಲ್ಲಿ ಪರಿಚಯವಾದವರೊಬ್ಬರು ಕಾತ್ರಜ್ ಕಡೆ ಇಂಡಿ ತಾಲೂಕಿನ ಒಬ್ಬ ಮಿಸ್ತ್ರಿಯ ಗ್ಯಾರೇಜ್ ಇದೆಯೆಂದು ಹೇಳಿದ್ದರಿಂದ ಅಲ್ಲಿಗೆ ಹೋದೆವು. ಆತ ಬಾನೆಟ್ ಎತ್ತುವ ಮೊದಲು ಕೇಳಿದ ಪ್ರಶ್ನೆ ಇದು: “ಅಕ್ಕಾವ್ರೇ, ಪೆಟ್ರೋಲ್ ಹಾಕಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗೂದಕ್ಕ ತಕರಾರು ಮಾಡ್ತದೇನ್ರಿ?” ಹೌದು, ಮಾಡುತ್ತಿತ್ತು. ಬಂಕಿನಿಂದ ಹೊರಡುವಾಗ ಆಕ್ಸಿಲರೇಟರ್ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕಾಗಿತ್ತು, ಹಿಂದಿನ ಗಾಡಿಯವರು ಹಾರ್ನ್ ಬಾರಿಸುತ್ತಿದ್ದರು. ಆ ಒಂದು ಮಾತಿನಿಂದಲೇ ಅವರ ಮನಸ್ಸಿಗೆ ಅರ್ಧ ಉತ್ತರ ಹೊಳೆದಿತ್ತು.

ಅವರು ವಿವರಿಸಿದ್ದು ಹೀಗೆ. ಟ್ಯಾಂಕಿನಲ್ಲಿ ಪೆಟ್ರೋಲ್ ಸದಾ ಆವಿಯಾಗುತ್ತಿರುತ್ತದೆ. ಆ ಆವಿ ಗಾಳಿಗೆ ಸೇರಬಾರದೆಂದು ಅದನ್ನು ಒಂದು ಪೈಪಿನ ಮೂಲಕ ಇದ್ದಿಲು ತುಂಬಿದ ಡಬ್ಬಿಗೆ ಒಯ್ಯುತ್ತಾರೆ. ಅದನ್ನು ಕ್ಯಾನಿಸ್ಟರ್ ಎನ್ನುತ್ತಾರೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಕಂಪ್ಯೂಟರು ಪರ್ಜ್ ವಾಲ್ವ್ ಎಂಬ ಚಿಕ್ಕ ವಾಲ್ವನ್ನು ಬೇಕಾದಷ್ಟೇ ತೆರೆಯುತ್ತದೆ, ಎಂಜಿನ್ ತನ್ನ ಎಳೆತದಿಂದ ಆ ಆವಿಯನ್ನು ಒಳಗೆಳೆದು ಸುಡುತ್ತದೆ. ನಮ್ಮ ಕಾರಿನಲ್ಲಿ ಆ ವಾಲ್ವ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಪೆಟ್ರೋಲ್ ತುಂಬಿಸಿದಾಗ ಟ್ಯಾಂಕಿನ ಆವಿಯೆಲ್ಲ ಕ್ಯಾನಿಸ್ಟರಿಗೆ ಬಂದು, ಅಲ್ಲಿಂದ ತಡೆಯಿಲ್ಲದೆ ಎಂಜಿನ್ನಿಗೆ ಹೋಗಿ, ಪೆಟ್ರೋಲ್ ಹೆಚ್ಚಾಗಿ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಸ್ಕ್ಯಾನರಿನಲ್ಲಿ ಬಂದ ಕೋಡ್ ಪಿ 0172, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು. ಅದರ ಜೊತೆಗೆ ದೋಷ ಕಂಡ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಎಂಬ ದಾಖಲೆಯೂ ಇರುತ್ತದೆ, ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಗಾಡಿ ನಿಂತಲ್ಲೇ ಐಡಲ್‌ನಲ್ಲಿ ಓಡುವಾಗ ದೋಷ ಬಂದಿದೆಯೆಂದು ಅದರಿಂದ ತಿಳಿಯಿತು. ಅಳಿಸಿದ ಕೋಡಿನ ಜೊತೆಗೆ ಈ ದಾಖಲೆಯೂ ಅಳಿಸಿಹೋಗುತ್ತದೆ. ಮೊದಲ ಸೆಂಟರಿನವರು ಮಾಡಿದ ಕೆಲಸದ ಬಗ್ಗೆ ನನಗೆ ಇಂದಿಗೂ ಸಿಟ್ಟಿರುವುದು ಈ ಕಾರಣಕ್ಕೆ.

ಆಮೇಲೆ ಮಿಸ್ತ್ರಿ ಮಾಡಿದ ಪರೀಕ್ಷೆಗೆ ಯಂತ್ರವೇನೂ ಬೇಕಾಗಲಿಲ್ಲ. ಮುಂಜಾನೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ, ಕ್ಯಾನಿಸ್ಟರ್ ಕಡೆಯಿಂದ ವಾಲ್ವಿಗೆ ಬರುವ ತೆಳ್ಳನೆಯ ಪೈಪನ್ನು ಬಿಚ್ಚಿ, ವಾಲ್ವಿನ ಬಾಯಿಗೆ ಬೆರಳಿಡಲು ನನಗೇ ಹೇಳಿದರು. ಆ ಹೊತ್ತಿನಲ್ಲಿ ವಾಲ್ವ್ ಮುಚ್ಚಿರಬೇಕು, ಬೆರಳಿಗೆ ಏನೂ ತಗಲಬಾರದು. ನನ್ನ ಬೆರಳಿನ ತುದಿಯನ್ನು ಅದು ಚುಂಯ್ ಎಂದು ಒಳಗೆಳೆಯಿತು, ತೆಗೆದಾಗ ಚರ್ಮದ ಮೇಲೆ ದುಂಡಗಿನ ಗುರುತು ಮೂಡಿತ್ತು. ಹಳೆಯ ವಾಲ್ವನ್ನು ಕಳಚಿ ಬಿಳಿ ಬಟ್ಟೆಯ ಮೇಲೆ ತಟ್ಟಿದಾಗ ಒಳಗಿಂದ ಇದ್ದಿಲಿನ ಕಪ್ಪು ಹರಳುಗಳು ಉದುರಿದವು. ಕ್ಯಾನಿಸ್ಟರಿನೊಳಗಿನ ಇದ್ದಿಲು ಪುಡಿಯಾಗಿ ಬಂದು ವಾಲ್ವ್ ಮುಚ್ಚದಂತೆ ಸಿಕ್ಕಿಕೊಂಡಿತ್ತು. ಎರಡನ್ನೂ ಬದಲಾಯಿಸಿ ಪೈಪನ್ನು ಊದಿ ಸ್ವಚ್ಛ ಮಾಡಿದರು. ಆ ದೀಪ ಮತ್ತೆ ಬಂದಿಲ್ಲ. ಸೆನ್ಸರ್ ಹಳೆಯದೇ ಇದೆ.

ಇದ್ದಿಲು ಕೆಡುವುದಕ್ಕೆ ಒಂದು ಸಾಮಾನ್ಯ ಕಾರಣವನ್ನೂ ಅವರು ಹೇಳಿದರು, ಇದನ್ನು ದಯವಿಟ್ಟು ನೆನಪಿಡಿ. ಬಂಕಿನಲ್ಲಿ ಟ್ಯಾಂಕ್ ತುಂಬಿ ಪಂಪ್ ತಾನಾಗಿ ಕಟ್ ಆದ ಮೇಲೆ, ರೌಂಡ್ ಫಿಗರ್ ಮಾಡುತ್ತೇನೆಂದು ಹುಡುಗರು ಚೂರುಚೂರೇ ಒತ್ತಿ ಹಾಕುತ್ತಾರಲ್ಲ, ಆಗ ಆವಿ ಹೋಗಬೇಕಾದ ದಾರಿಯಲ್ಲಿ ಪೆಟ್ರೋಲೇ ನುಗ್ಗಿ ಕ್ಯಾನಿಸ್ಟರನ್ನು ತೋಯಿಸಬಹುದು. ಚಿಲ್ಲರೆ ಉಳಿದರೆ ಉಳಿಯಲಿ, ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ.

ನಿಮ್ಮ ಕಾರಿಗೂ ಇದೇ ವಾಲ್ವ್ ಕಾರಣವೆಂದು ನಾನು ಹೇಳುತ್ತಿಲ್ಲ. ತಂಗಿಯು ತನ್ನ ಕಾರಿನ ಅನುಭವವನ್ನು ನಿಮ್ಮ ಕಾರಿಗೆ ಹಚ್ಚಿದಂತೆ ನಾನೂ ನನ್ನದನ್ನು ಹಚ್ಚಿದರೆ ಮತ್ತೊಂದು ಊಹೆಗೆ ಹಣ ಹೋಗುತ್ತದೆ ಅಷ್ಟೇ. ಒಂದೇ ಹಳದಿ ದೀಪದ ಹಿಂದೆ ನೂರಾರು ಕೋಡ್‌ಗಳಿವೆ. ಪಿ 0443 ಬಂದರೆ ಪರ್ಜ್ ವಾಲ್ವಿನ ವಿದ್ಯುತ್ ಸರ್ಕೀಟ್ ನೋಡಬೇಕು. ಪಿ 0171 ಎಂದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಎಲ್ಲೋ ಪೈಪು ಸೀಳಿರಬಹುದು. ಪಿ 0300 ಬಂದರೆ ಸಿಲಿಂಡರುಗಳಲ್ಲಿ ಸುಡುವಿಕೆ ತಪ್ಪುತ್ತಿದೆ, ಪ್ಲಗ್ ಮತ್ತು ಕಾಯಿಲ್ ನೋಡಬೇಕು. ಪಿ 0420 ಸೈಲೆನ್ಸರ್ ಸಾಲಿನಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಸಂಬಂಧಿಸಿದ್ದು. ಮುಚ್ಚಳಕ್ಕೆಂದೇ ಮೀಸಲಾದದ್ದು ಪಿ 0457, ದೊಡ್ಡ ಸೋರಿಕೆಗೆ ಪಿ 0455. ಈ ಎರಡರಲ್ಲಿ ಒಂದು ನಿಮ್ಮ ಕಾರಿನಲ್ಲಿ ಬಂದರೆ ಮಾತ್ರ ನಾನು ಮುಚ್ಚಳದ ಕಡೆಗೆ ತಿರುಗುತ್ತೇನೆ. ಆಗಲೂ ಬಂಕಿನ ಬಳಿ ಸಿಗುವ ಬೀಗದ ಮುಚ್ಚಳ ಕೊಳ್ಳಬೇಡಿ. ಅಸಲಿ ಮುಚ್ಚಳದ ಒಳಗೆ ಟ್ಯಾಂಕಿನ ಒತ್ತಡ ಸರಿದೂಗಿಸುವ ಒಂದು ಚಿಕ್ಕ ವಾಲ್ವ್ ಇರುತ್ತದೆ, ಸಿಕ್ಕ ಸಿಕ್ಕ ಮುಚ್ಚಳದಲ್ಲಿ ಅದರ ಭರವಸೆಯಿಲ್ಲ.

ಗ್ಯಾರೇಜಿಗೆ ಹೋಗುವ ಮುನ್ನ ಮನೆಯಲ್ಲಿ ತಮ್ಮನಿಂದ ಒಂದು ಕೆಲಸ ಮಾಡಿಸಿ. ನೀವು ಕಾರು ನಿಲ್ಲಿಸುವ ತಗಡಿನ ಶೆಡ್ಡು ಭತ್ತದ ಹುಲ್ಲಿನ ಬಣವೆಗೆ ಹತ್ತಿಕೊಂಡಿದೆ, ಅಲ್ಲಿ ಇಲಿಗಳಿಗೆ ಬರವಿಲ್ಲ. ಹಗಲು ಬೆಳಕಿನಲ್ಲಿ ಬಾನೆಟ್ ಎತ್ತಿ, ಎಂಜಿನ್ ತಣ್ಣಗಿರುವಾಗ, ತೆಳ್ಳನೆಯ ರಬ್ಬರ್ ಪೈಪುಗಳನ್ನೂ ವೈರಿನ ಸುತ್ತಿನ ಕಪ್ಪು ಕೊಳವೆಗಳನ್ನೂ ಬೆರಳಿನಿಂದ ಸವರುತ್ತಾ ನೋಡಲಿ. ಹಲ್ಲಿನ ಗುರುತು, ಹಿಕ್ಕೆ, ಹುಲ್ಲಿನ ಎಸಳು ಕಂಡರೆ ಫೋಟೊ ತೆಗೆದು ಕಳಿಸಲಿ. ನಿಮ್ಮ ದೀಪ ಬಂದು ಹೋಗುವ ರೀತಿಯನ್ನು ನೋಡಿದರೆ, ಅರ್ಧ ಕಡಿದ ವೈರು ಅಲುಗಾಡುವಾಗ ಒಮ್ಮೆ ಕೂಡಿ ಒಮ್ಮೆ ಬಿಡುತ್ತಿರಬಹುದೆಂಬ ಸಂಶಯ ನನಗೆ ಬಲವಾಗಿಯೇ ಇದೆ.

ಗ್ಯಾರೇಜಿನಲ್ಲಿ ಬ್ಯಾಟರಿ ವೈರು ತೆಗೆದು ಹಾಕಿದರೆ ದೀಪ ಹೋಗುತ್ತದೆ ಎಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ದೀಪದ ಜೊತೆ ಕೋಡೂ ಅದರ ದಾಖಲೆಯೂ ಹೋಗಬಹುದು. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇದೆ, ಸ್ಕ್ಯಾನರ್ ಅಲ್ಲಿಗೆ ಹಚ್ಚುತ್ತಾರೆ. ಕೋಡನ್ನು ಅಳಿಸುವ ಮೊದಲು ಪರದೆಯ ಫೋಟೊ ತೆಗೆಯಲು ತಮ್ಮನಿಗೆ ಹೇಳಿ, ಫ್ರೀಜ್ ಫ್ರೇಮಿನದ್ದೂ ಇರಲಿ. ಸ್ಕ್ಯಾನಿಂಗ್ ಮಾಡಿದ್ದಕ್ಕೆ ಅವರು ಕೇಳಿದ್ದನ್ನು ಕೊಟ್ಟುಬಿಡಿ, ಅದು ನ್ಯಾಯವಾದ ಕೂಲಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬಾರದು. ದೀಪ ಸ್ಥಿರವಾಗಿ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಹುಬ್ಬಳ್ಳಿಯವರೆಗೆ ಹೋಗಬಹುದು. ಅದೇ ದೀಪ ಮಿನುಗತೊಡಗಿದರೆ, ಎಂಜಿನ್ ಜರ್ಕ್ ಹೊಡೆದರೆ, ರಸ್ತೆಯ ಬದಿಗೆ ತೆಗೆದುಕೊಂಡು ಎಂಜಿನ್ ಬಂದ್ ಮಾಡಿ. ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಅದು ವಿಪರೀತ ಕಾದು ಹಾಳಾಗುತ್ತದೆ. ಅದರ ಬೆಲೆಯ ಮುಂದೆ ಟೋಯಿಂಗ್ ಖರ್ಚು ಏನೂ ಅಲ್ಲ. ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನವಂತೂ, ಈ ದೀಪದ ವಿಚಾರ ಬಗೆಹರಿಯುವ ತನಕ, ಬಾಡಿಗೆ ಗಾಡಿಯಲ್ಲಿಯೇ ಹೋಗಿರಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ತಂಗಿಗೆ ನಾನು ಈ ವಿಷಯವನ್ನು ಪ್ರತ್ಯೇಕವಾಗಿ ತಿಳಿಸುತ್ತೇನೆ, ಅವಳು ನಿಮ್ಮ ಬಗ್ಗೆ ಕಾಳಜಿಯಿಂದ ಹೇಳಿದವಳು, ಮನಸ್ಸಿಗೆ ನೋವಾಗಬಾರದು. ಕೋಡಿನ ಫೋಟೊ ಬಂದ ದಿನವೇ ಅದನ್ನು ಕಾತ್ರಜಿನ ಮಿಸ್ತ್ರಿಗೆ ತೋರಿಸಿ, ಅವರು ಹೇಳಿದ್ದನ್ನು ಸಂಜೆಯೊಳಗೆ ತಮ್ಮನಿಗೆ ತಿಳಿಸುತ್ತೇನೆ. ಅಲ್ಲಿಯ ತನಕ ಯಾವ ಸೆನ್ಸರಿಗೂ ಮುಂಗಡ ಕೊಡಬೇಡಿ.

ಅವ್ವನಿಗೆ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಹಿರಿಯ ಮಗಳು