ಡ್ರಮ್ ಕಿಟ್‌ಗೆ ಹೊಸ ಪ್ಯಾಡ್ ಕೊಳ್ಳುವ ಮೊದಲು
ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ ಕಿಟ್‌ಗೆ ಇನ್ನೊಂದು ಕ್ರ್ಯಾಶ್ (ಸಿಂಬಲ್ ಪ್ಯಾಡ್) ಅಥವಾ ಟಾಮ್ (ಡ್ರಮ್ ಪ್ಯಾಡ್) ಬೇಕು ಅನ್ನುವವರು ಮಂಗಳೂರಿಗೆ ಹೊರಡುವ ಮೊದಲು ಮಾಡ್ಯೂಲ್‌ನ (ಸದ್ದು ಹೊರಡಿಸುವ ಪೆಟ್ಟಿಗೆಯ) ಹಿಂಭಾಗ ನೋಡಿ. ಅಲ್ಲಿ ಖಾಲಿ 6.35 ಮಿ.ಮೀ. ಟ್ರಿಗರ್ ಜ್ಯಾಕ್ (ಪ್ಯಾಡ್‌ನ ವೈರ್ ಚುಚ್ಚುವ ತೂತು) ಇದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ. ಜ್ಯಾಕ್ ಖಾಲಿ ಇಲ್ಲದಿದ್ದರೂ ಕೆಲವು ಮಾಡ್ಯೂಲ್‌ಗಳಲ್ಲಿ ಒಂದು ಸ್ಟೀರಿಯೊ ಇನ್‌ಪುಟ್‌ಗೆ ವೈ ಕೇಬಲ್ (ಒಂದು ವೈರ್ ಎರಡಾಗಿ ಕವಲೊಡೆಯುವಂಥದ್ದು) ಹಾಕಿ ಎರಡು ಪ್ಯಾಡ್ ನುಡಿಸಬಹುದು. ಆದರೆ ಆಗ ರಿಮ್‌ಗೆ (ಪ್ಯಾಡ್‌ನ ಅಂಚಿಗೆ) ಬೇರೆ ಸದ್ದು ಸಿಗುವುದಿಲ್ಲ. ಬೇರೆ ಕಂಪನಿಯ ಪ್ಯಾಡ್ ಆದರೆ ನಿಮ್ಮ ಮಾಡ್ಯೂಲ್ ಜೊತೆ ನುಡಿಸಿ ನೋಡಿಯೇ ಕೊಳ್ಳಿ, ಒಳಗಿನ ವೈರಿಂಗ್ ಎಲ್ಲದರಲ್ಲೂ ಒಂದೇ ಅಲ್ಲ.

ಒಂದು ಪ್ಯಾಡ್ ಬಡಿದರೆ ಪಕ್ಕದ್ದೂ ಸದ್ದು ಮಾಡುತ್ತದಾ? ರ‍್ಯಾಕ್ (ಪ್ಯಾಡ್‌ಗಳನ್ನು ಕೂರಿಸಿದ ಚೌಕಟ್ಟು) ಮೂಲಕ ಹರಿಯುವ ಕಂಪನ ಅದು. ಮಾಡ್ಯೂಲ್‌ನಲ್ಲಿ ಇದನ್ನು ತಡೆಯುವ ಕ್ರಾಸ್‌ಟಾಕ್ ಸೆಟ್ಟಿಂಗ್ ಸ್ವಲ್ಪ ಏರಿಸಿ. ಜಾಸ್ತಿ ಏರಿಸಿದರೆ ಮೆಲ್ಲಗಿನ ಪೆಟ್ಟುಗಳು ಕೇಳುವುದಿಲ್ಲ.

ನಮ್ಮ ಕರಾವಳಿ ಮಳೆಗಾಲದಲ್ಲಿ ಪ್ಲಗ್‌ಗಳನ್ನು ಒಣ ಬಟ್ಟೆಯಿಂದ ಒರೆಸುತ್ತಿರಿ. ಅನುಮಾನ ಇದ್ದವರು ಮಾಡ್ಯೂಲ್ ಹಿಂಭಾಗದ ಫೋಟೋ ಇಲ್ಲೇ ಹಾಕಿ.