ಬುಷ್ ಕೆಲಸದ ಲೇಬರ್ ಏರಿದೆ: ನಮ್ಮ ಪದ್ಮಿನಿ ಗಿರಾಕಿಗಳಿಗೆ

ನಮಸ್ಕಾರ,

ಬರುವ ಒಂದನೇ ತಾರೀಖಿನಿಂದ ಪ್ರೀಮಿಯರ್ ಪದ್ಮಿನಿ ಕಾರಿನ ಮುಂದಿನ ಆರ್ಮ್ ಬುಷ್ (ಮುಂದಿನ ಚಕ್ರ ಹಿಡಿದಿರುವ ಆರ್ಮಿನ ಕೀಲಿನಲ್ಲಿ ಕೂರುವ ರಬ್ಬರ್) ಬದಲಿಸುವ ಲೇಬರ್ 4,500 ರೂಪಾಯಿಯಿಂದ 6,500ಕ್ಕೆ ಏರುತ್ತದೆ. ಗಾಡಿ ಒಂದು ರಾತ್ರಿ ನಮ್ಮಲ್ಲೇ ಇರಬೇಕು. ನೀವು ತಂದುಕೊಟ್ಟ ಬುಷ್ ಇನ್ನು ಹಾಕುವುದಿಲ್ಲ. ಮೂರೂ ನಿಮಗೆ ಹಿಡಿಸುವುದಿಲ್ಲ ಅಂತ ಗೊತ್ತು.

"ಅಂಗೈಯಲ್ಲಿ ಹಿಡಿಸೋ ರಬ್ಬರ್ ತುಂಡಿಗೆ ಇಷ್ಟೊಂದಾ?" ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ರಬ್ಬರಿನ ದುಡ್ಡು ಬಿಲ್‌ನಲ್ಲಿ ಬೇರೆ ಸಾಲಿನಲ್ಲೇ ಇದೆ, ನೋಡಿ. ಉಳಿದದ್ದು ಆ ರಬ್ಬರಿನ ಹತ್ತಿರ ಹೋಗುವ ಖರ್ಚು. ಕಾಯಿಲ್ ಸ್ಪ್ರಿಂಗ್ ಅದುಮಿ ಹಿಡಿದುಕೊಂಡೇ ಆರ್ಮ್ ಬಿಚ್ಚಬೇಕು, ಜಾರಿದರೆ ಹುಡುಗನ ಕೈ ಹೋಗುತ್ತದೆ. ಮುಂಬೈನ ಕುರ್ಲಾದಲ್ಲಿ ಈ ಗಾಡಿ ತಯಾರಾಗುವುದು ನಿಂತೇ ಎರಡು ದಶಕ ದಾಟಿತು. ಅಷ್ಟೂ ಮಳೆಗಾಲದ ತುಕ್ಕು ಬೋಲ್ಟಿನಲ್ಲಿ ಕೂತಿರುತ್ತದೆ. ಕಳೆದ ವಾರ ಒಂದು ಬಿಳಿ ಗಾಡಿಗೆ ಬೆಳಿಗ್ಗೆ ಹತ್ತಕ್ಕೆ ಎಣ್ಣೆ ಬಿಟ್ಟೆವು. ಬಿಸಿ ಮಾಡಿದೆವು, ಸುತ್ತಿಗೆಯಲ್ಲಿ ಬಡಿದೆವು. ಸಂಜೆ ನಾಲ್ಕಕ್ಕೆ ಕುಯ್ದೇ ತೆಗೆಯಬೇಕಾಯಿತು. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆದರೆ ಎಷ್ಟೋ ಬೋಲ್ಟ್ ಉಳಿಯುತ್ತವೆ. ಗಾಡಿ ಬಿಟ್ಟು ಹೋಗಿ ಅನ್ನುವುದು ಅದಕ್ಕೇ.

ಹೊಸ ಬುಷ್ ಒತ್ತಿ ಕೂರಿಸಲು ಈಗ ಪ್ರೆಸ್ ಯಂತ್ರ ತಂದಿದ್ದೇವೆ. ಹೌದು, ಅದರ ಕಂತೂ ಈ 6,500ರಲ್ಲಿ ಸೇರಿದೆ. ಆಮೇಲೆ ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ಇಳಿಸಿಯೇ ನಟ್ ಕೊನೆಯ ಬಿಗಿ ಮಾಡುತ್ತೇವೆ. ಈ ರಬ್ಬರ್ ಬೇರಿಂಗಿನಂತೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಜಾಕ್ ಮೇಲೆ ಆರ್ಮ್ ನೇತಾಡುವಾಗಲೇ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ಹಿಂಡಿದ ಬಟ್ಟೆಯ ಹಾಗೆ ಇದ್ದು ಬೇಗ ಹರಿಯುತ್ತದೆ. ಅರ್ಧ ದಿನದಲ್ಲಿ ಮುಗಿಸಿಕೊಡುವವರ ಹತ್ತಿರ ಇದೊಂದನ್ನು ಕೇಳಿ ನೋಡಿ.

ಜಿಎಸ್‌ಟಿ ಇಳಿಯಿತಲ್ವಾ ಅನ್ನುತ್ತೀರಿ. 2025ರ ಸೆಪ್ಟೆಂಬರ್‌ನಲ್ಲಿ ಶೇ. 28ರಿಂದ 18ಕ್ಕೆ ಇಳಿದದ್ದು ಬಿಡಿಭಾಗಕ್ಕೆ. ಲೇಬರಿಗೆ ಮೊದಲೂ 18, ಈಗಲೂ 18.

ಇನ್ನು ನಮ್ಮ ತಪ್ಪು. ಹೋದ ವರ್ಷ ಅಗ್ಗ ಅಂತ ಒಬ್ಬರಿಂದ ತರಿಸಿದ ಬುಷ್‌ಗಳು ಆರೇ ತಿಂಗಳಲ್ಲಿ ಸೀಳಿದವು. ಐದು ಗಾಡಿಗಳವರು ಎರಡೆರಡು ಸಲ ಓಡಾಡಿದಿರಿ. ಪುಕ್ಕಟೆ ಮಾಡಿಕೊಟ್ಟೆವು ನಿಜ, ನಿಮ್ಮ ಸಮಯ ವಾಪಸ್ ಕೊಡಲಾಗಲಿಲ್ಲ. ಕ್ಷಮಿಸಿ. ಬೆಂಗಳೂರಿನ ಬಿಡಿಭಾಗದ ಪೇಟೆ ಜೆ.ಸಿ. ರೋಡಿನಲ್ಲಿ ಒಳ್ಳೆಯದೂ ಸಿಗುತ್ತದೆ, ಕೆಟ್ಟದ್ದೂ ಸಿಗುತ್ತದೆ. ನೋಡೋಕೆ ಎರಡೂ ಒಂದೇ ಕಪ್ಪು. ನಾವೇ ಆರಿಸಿದ್ದಾದರೆ ಒಂದು ವರ್ಷ ಜವಾಬ್ದಾರಿ ನಮ್ಮದು. ನೀವು ತಂದದ್ದಕ್ಕೆ ಹೇಗೆ ಹೊರುವುದು?

ರಬ್ಬರಿನ ಬದಲು ಪಿಯು (ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್) ಬುಷ್ ಬೇಕೆನ್ನುವವರಿಗೆ ಹಾಕಿಕೊಡುತ್ತೇವೆ. ಜಾಸ್ತಿ ಬಾಳುತ್ತದೆ, ಆದರೆ ಗುಂಡಿಯ ಏಟು ಸೀದಾ ಸ್ಟೇರಿಂಗಿಗೆ ಬರುತ್ತದೆ. ನಮ್ಮ ಸ್ವಂತ ಗಾಡಿಗೆ ರಬ್ಬರೇ ಇದೆ.

ಈಗಾಗಲೇ ಹೇಳಿಟ್ಟವರಿಗೆ ಹಳೇ ದರವೇ. ಮುಂದುಗಡೆ ಕಿರ್ ಕಿರ್ ಅಂದರೆ ಸುಮ್ನೆ ಹಳೇ ಎಂಜಿನ್ ಆಯಿಲ್ ಸುರಿಯಬೇಡಿ, ರಬ್ಬರ್ ಊದಿ ಹಾಳಾಗುತ್ತದೆ. ಗಾಡಿ ತನ್ನಿ. ಗಾಡಿಯ ಅಡಿಯಲ್ಲಿ ಮಲಗಿ ನೋಡುವುದಕ್ಕೆ ನಾವು ಯಾವತ್ತೂ ದುಡ್ಡು ತೆಗೆದುಕೊಂಡಿಲ್ಲ.

ಇಂತಿ,
ನಿಮ್ಮ ಗ್ಯಾರೇಜಿನವರು