ಸೀಲ್ ಹಾಕುವ ಮುಂಚೆ ಒಳಗೆ ನೋಡುವವರು ಯಾರು?

ಸಂಪಾದಕರೇ,

2022ರಲ್ಲಿ 'ಫೆಲಿಸಿಟಿ ಏಸ್' ಹಡಗು ಸುಮಾರು 4,000 ಕಾರುಗಳ ಸಮೇತ ಅಟ್ಲಾಂಟಿಕ್‌ನಲ್ಲಿ ಮುಳುಗಿದಾಗ ಲೋಕದ ಪತ್ರಿಕೆಗಳೆಲ್ಲ ಬರೆದವು, ಬರೆಯಬೇಕಾದದ್ದೇ. ಆದರೆ ತಮ್ಮ ಒಂದು ಕಾರನ್ನೋ ಬೈಕನ್ನೋ ಸಣ್ಣ ಬೋಟನ್ನೋ ಕಂಟೇನರ್‌ನಲ್ಲಿ ಕಳಿಸಿ, ಆ ಕಡೆ ಬಾಗಿಲು ತೆಗೆದಾಗ ನಜ್ಜುಗುಜ್ಜಾದದ್ದನ್ನು ನೋಡುವವರ ಸಂಕಟ ಎಲ್ಲೂ ಸುದ್ದಿಯಾಗುವುದಿಲ್ಲ. ಒಮ್ಮೆ ಸೀಲ್ ಬಿತ್ತು ಅಂದರೆ ಒಳಗಿನ ಸ್ಥಿತಿ ಹಡಗಿನವರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಈ ಪತ್ರ. ಗಾಡಿ ಹೇಗೆ ಕಟ್ಟಿದ್ದಾರೆ ಅನ್ನುವ ಫೋಟೊ, ಜೊತೆಗೆ ಕಟ್ಟಿದವರ ಸಹಿ, ಇವೆರಡೂ ಸೀಲ್ ಹಾಕುವ ಮುಂಚೆಯೇ ಮಾಲೀಕರ ಕೈಗೆ ಬರಬೇಕು.

ತೂಕದ ವಿಷಯದಲ್ಲಿ ಇಂಥ ಶಿಸ್ತು ಆಗಲೇ ಬಂದಿದೆ. 2016ರ ಜುಲೈ 1ರಿಂದ, ತುಂಬಿದ ಕಂಟೇನರ್‌ನ ಒಟ್ಟು ತೂಕವನ್ನು ಖಚಿತಪಡಿಸಿ ಬರೆದು ಕೊಡದಿದ್ದರೆ ಹಡಗಿಗೆ ಏರಿಸುವಂತಿಲ್ಲ. ಕಟ್ಟುವುದಕ್ಕೆ ಮಾತ್ರ ಹಾಗಿಲ್ಲ. ಕಂಟೇನರ್‌ಗೆ ಸರಕು ಹೇಗೆ ತುಂಬಬೇಕು ಅನ್ನುವ 2014ರ ಅಂತರರಾಷ್ಟ್ರೀಯ ಸಿಟಿಯು ಕೋಡ್ ಇದೆ, ತುಂಬಾ ಒಳ್ಳೆಯದು, ಆದರೆ ಅದು ಬರೀ ಮಾರ್ಗಸೂಚಿ.

ಅದೇ ಕೋಡ್ ಪ್ರಕಾರ ಒರಟು ಸಮುದ್ರದಲ್ಲಿ ಸರಕಿನ ತೂಕದ 0.8 ಪಟ್ಟು ಬಲ ಪಕ್ಕಕ್ಕೆ ತಳ್ಳಬಹುದು. ಅಂದರೆ 1,500 ಕೆಜಿ ಕಾರಿನ ಮೇಲೆ 1,200 ಕೆಜಿ ತೂಕದಷ್ಟು ಬಲ, ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ, ಹೀಗೇ ದಿನಗಟ್ಟಲೆ. ಕಂಟೇನರ್‌ನ ನೆಲದಲ್ಲಿ ಬೆಲ್ಟ್ ಸಿಕ್ಕಿಸುವ ಬಳೆಗಳು ತಲಾ 1,000 ಕೆಜಿ ತಡೆಯಬೇಕು ಅನ್ನುವುದು ಕನಿಷ್ಠ ಲೆಕ್ಕ. ಹ್ಯಾಂಡ್ ಬ್ರೇಕ್ ಎಳೆದು ಒಂದೆರಡು ಹಗ್ಗ ಕಟ್ಟಿದರೆ ಸಾಕಾ ಅಂತ ನೀವೇ ಹೇಳಿ.

ಎಲ್ಲಿ ಕಟ್ಟಿದ್ದಾರೆ ಅನ್ನುವುದು ಇನ್ನೂ ಮುಖ್ಯ. ಕಾರಿನ ಬಾಡಿಯನ್ನೋ ಚಾಸಿಯನ್ನೋ ಹಿಡಿದು ಬಿಗಿದರೆ, ಸಸ್ಪೆನ್ಷನ್ ಕುಗ್ಗಿದಾಗಲೆಲ್ಲ ಬೆಲ್ಟ್ ಸಡಿಲವಾಗಿ, ಮತ್ತೆ ಎದ್ದಾಗ ಜಗ್ಗುತ್ತದೆ. ಹಾಗೆ ಜಗ್ಗಿ ಜಗ್ಗಿಯೇ ಕೊಕ್ಕೆ ಕಳಚಿಕೊಳ್ಳುತ್ತದೆ. ಚಕ್ರದ ಮೇಲೆಯೇ ಬೆಲ್ಟ್ ಹಾಯಿಸಿ ನೆಲಕ್ಕೆ ಬಿಗಿದರೆ ಬಾಡಿ ಎಷ್ಟು ಕುಣಿದರೂ ಚಕ್ರ ಕೂತಲ್ಲೇ ಇರುತ್ತದೆ. ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಮರದ ದಿಮ್ಮಿ ಇಟ್ಟು ನೆಲಕ್ಕೆ ಮೊಳೆ ಹೊಡೆದಿರಬೇಕು. ಆ ಮರಕ್ಕೆ ಹುಳ ಬರದಂತೆ ಸಂಸ್ಕರಿಸಿದ ಮುದ್ರೆ ಇರಬೇಕು, ಇಲ್ಲದಿದ್ದರೆ ಆ ಕಡೆಯ ಬಂದರಿನಲ್ಲಿ ತಕರಾರು ಶುರು.

ಬೋಟ್‌ಗಳದ್ದು ಬೇರೆಯೇ ಕಥೆ, ಅವುಗಳ ಬಗ್ಗೆ ಯಾರೂ ಹೇಳುವುದಿಲ್ಲ ಅನ್ನುವುದೇ ನನಗೆ ಬೇಜಾರು. ಸಾಮಾನ್ಯ ಕಂಟೇನರ್‌ನ ಒಳಗಿನ ಅಗಲ ಸುಮಾರು 2.35 ಮೀಟರ್, ಬಾಗಿಲಿನ ಎತ್ತರ ಸುಮಾರು 2.28 ಮೀಟರ್, ಅಷ್ಟೇ. ಟ್ರೇಲರ್ ಮೇಲೆ ಕೂತ ಬೋಟ್ ಎಷ್ಟೋ ಸಲ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಆಗ ಬೋಟನ್ನು ಟ್ರೇಲರ್‌ನಿಂದ ಇಳಿಸಿ, ಅದರ ತಳದ ಆಕಾರಕ್ಕೆ ಸರಿಯಾಗಿ ಮಾಡಿದ ಕ್ರೇಡಲ್, ಅಂದರೆ ಆಸರೆ ಚೌಕಟ್ಟಿನ ಮೇಲೆ ಕೂರಿಸಬೇಕು. ಭಾರ ತಳದ ನಡುವಿನ ಗಟ್ಟಿ ದಿಂಡಿನ ಮೇಲೆ ಬೀಳಬೇಕು, ಪಕ್ಕದ ಆಸರೆಗಳು ಬೋಟ್ ವಾಲದಂತೆ ಹಿಡಿದರೆ ಸಾಕು. ಫೈಬರ್ ಅಂಚಿನ ಮೇಲೆ ಬೆಲ್ಟ್ ಹಾಯುವ ಕಡೆ ದಪ್ಪ ಪ್ಯಾಡ್ ಇಲ್ಲದಿದ್ದರೆ ಬೆಲ್ಟ್ ಬಿಗಿದ ಕಡೆಯೇ ಬಿರುಕು ಬರುತ್ತದೆ. ಒಳಗಿನ ನೀರು ಪೂರ್ತಿ ಖಾಲಿ ಮಾಡಿ ಡ್ರೈನ್ ಪ್ಲಗ್ ತೆಗೆದಿಡಬೇಕು. ಹಗಲು ಕಾದು ರಾತ್ರಿ ತಣಿಯುವ ಕಂಟೇನರ್‌ನ ಚಾವಣಿಯಿಂದ ಹನಿ ತೊಟ್ಟಿಕ್ಕುತ್ತದೆ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಅದಕ್ಕಿಂತ ತೇವ ಹೀರುವ ಚೀಲಗಳನ್ನು ತೂಗುಹಾಕುವುದು ವಾಸಿ.

ಇಂಧನದ ವಿಷಯದಲ್ಲಂತೂ ರಾಜಿ ಬೇಡ. ಮುಚ್ಚಿದ ಕಂಟೇನರ್‌ನಲ್ಲಿ ಪೆಟ್ರೋಲ್ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಅಪಾಯಕಾರಿ ಸರಕಿನ ನಿಯಮದಲ್ಲಿ ಟ್ಯಾಂಕ್ ಕಾಲು ಭಾಗಕ್ಕಿಂತ ಜಾಸ್ತಿ ತುಂಬಿರಬಾರದು ಅಂತ ಇದೆ, ಆದಷ್ಟೂ ಖಾಲಿ ಮಾಡಿಸುವುದೇ ಕ್ಷೇಮ. ಲಿಥಿಯಂ ಅಯಾನ್ ಬ್ಯಾಟರಿ ಗಾಡಿಗಳಿಗೆ, ಅಪಾಯಕಾರಿ ಸರಕೆಂದು ಗುರುತಿಸಲು, ಯುಎನ್ 3556 ಅನ್ನುವ ಪ್ರತ್ಯೇಕ ಸಂಖ್ಯೆ ಬಂದಿದೆ, 2026ರ ಜನವರಿಯಿಂದ ಅದು ಕಡ್ಡಾಯ. ಗುದ್ದಿದ, ಹಾಳಾದ ಬ್ಯಾಟರಿಯನ್ನು ಮುಚ್ಚಿಟ್ಟು ಕಳಿಸಬೇಡಿ, ಹಡಗಿನಲ್ಲಿ ಮನುಷ್ಯರಿದ್ದಾರೆ.

ವಿಮೆ ಇದೆಯಲ್ಲ ಅನ್ನುವವರು ಷರತ್ತು ಓದಿ. ಹೆಚ್ಚು ರಕ್ಷಣೆ ಕೊಡುವ 'ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಎ' ಅನ್ನುವ ಸರಕು ವಿಮೆಯ ಷರತ್ತುಗಳಲ್ಲೂ, ಕಳಿಸುವವರೇ ಸರಿಯಾಗಿ ಪ್ಯಾಕ್ ಮಾಡದೆ ಆದ ನಷ್ಟಕ್ಕೆ ಪರಿಹಾರ ಇಲ್ಲ. ಸರಕು ಪಡೆದದ್ದಕ್ಕೆ ಕೊಡುವ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್‌ನಲ್ಲಿ ಸಾಮಾನ್ಯವಾಗಿ 'ಶಿಪ್ಪರ್ಸ್ ಲೋಡ್' (ತುಂಬಿದ್ದು ಕಳಿಸುವವರೇ) ಅಂತ ಬರೆದು ಹಡಗು ಕಂಪನಿ ಕೈ ತೊಳೆದುಕೊಳ್ಳುತ್ತದೆ. ಕೊನೆಗೆ ಕಟ್ಟಿದವರು ಯಾರು ಅಂತಲೇ ಗೊತ್ತಾಗದೆ ಮಾಲೀಕರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ.

ಹಾಗಾಗಿ ಗಾಡಿ ಕಳಿಸುವವರಲ್ಲಿ ನನ್ನ ವಿನಂತಿ: ನಾಲ್ಕು ಚಕ್ರದ ಕಟ್ಟು, ಕ್ರೇಡಲ್, ಬ್ಯಾಟರಿಯ ತುದಿ (ವೈರ್ ಸಿಕ್ಕಿಸುವ ಜಾಗ), ಟ್ಯಾಂಕಿನ ಇಂಧನದ ಮಟ್ಟ, ಬಾಗಿಲು ಮುಚ್ಚುವ ಕ್ಷಣದ ನೋಟ, ಕೊನೆಗೆ ಸೀಲ್‌ನ ನಂಬರ್, ಇಷ್ಟರ ಫೋಟೊ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಕಂಟೇನರ್ ತುಂಬುವ ಏಜೆಂಟರಿಗೆ ಇದು ಹತ್ತು ನಿಮಿಷದ ಕೆಲಸ. ತೂಕಕ್ಕೆ ಮಾಡಿದಂತೆ ಇದಕ್ಕೂ ನಿಯಮ ಬರುವ ತನಕ, ಕೇಳಿ ಪಡೆಯುವುದು ಬಿಟ್ಟು ಬೇರೆ ದಾರಿ ನನಗೆ ಕಾಣುತ್ತಿಲ್ಲ.

– ಒಬ್ಬ ಓದುಗ